ದೊಡ್ಡವನ ದಿನ

ಭಾನುವಾರ, ಮಧ್ಯಾಹ್ನ

ಚಿಕ್ಕವನ ಅಮ್ಮನಿಗೆ,

ಏನೆಂದು ಕರೆದು ಶುರು ಮಾಡಬೇಕೋ ತಿಳಿಯದೆ ಒಂದೆರಡು ಹಾಳೆ ಹರಿದು ಹಾಕಿದೆ. ಮೊದಲಿನ ಹಾಗೆ ಕರೆದರೆ ನೀನು ಸಿಡುಕುತ್ತೀಯ, ಹೆಸರು ಹಿಡಿದು ಕರೆಯಲು ನನಗೇ ಬಾಯಿ ಬರುವುದಿಲ್ಲ. ಹೀಗೆ ಕರೆದರೆ ಜಗಳಕ್ಕೆ ಜಾಗವಿಲ್ಲ ಎಂದುಕೊಂಡಿದ್ದೇನೆ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನಿನಲ್ಲಿ ನಾವಿಬ್ಬರೂ ಹಲೋ ಅನ್ನುವುದರೊಳಗೆ ಹಳೆಯದನ್ನೆಲ್ಲ ಕೆದಕಲು ಶುರು ಮಾಡುತ್ತೇವೆ. ಇದನ್ನು ಅವನ ಬ್ಯಾಗಿನಲ್ಲಿ ಟವೆಲ್ಲಿನ ಕೆಳಗೆ ಇಡುತ್ತಿದ್ದೇನೆ, ಬಟ್ಟೆ ತೆಗೆಯುವಾಗ ನಿನ್ನ ಕೈಗೆ ಸಿಗುತ್ತದೆ. ಅವನು ಈಗ ನನ್ನ ಮಂಚದ ಮೇಲೆ ಅಡ್ಡಡ್ಡ ಬಿದ್ದುಕೊಂಡು ನಿದ್ದೆ ಹೊಡೆಯುತ್ತಿದ್ದಾನೆ. ಒಂದು ಕಾಲು ಗೋಡೆಯ ಮೇಲಿದೆ.

ಗುರುವಾರದ ಮೀಟಿಂಗಿನ ಬಗ್ಗೆ ಬರೆಯುತ್ತಿದ್ದೇನೆ. ಶಾಲೆಯ ವಿಶೇಷ ಶಿಕ್ಷಕಿ ಮೊನ್ನೆ ನನ್ನನ್ನು ಕರೆಸಿದ್ದರು. ಅವರ ಪದ್ಧತಿ ನಿನಗೂ ಈಗ ಗೊತ್ತಾಗಿದೆ. ಮಗುವಿನ ಮುಂದಿನ ವರ್ಷ ಹೇಗಿರಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸುವ ಮೊದಲು, ತಾಯಿ, ತಂದೆ, ಕ್ಲಾಸ್ ಟೀಚರ್, ಆಯಾ ಹೀಗೆ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಒಂದೇ ಮಾತು ಕೇಳುತ್ತಾರೆ. ಮಗುವಿನ ಒಂದು ದಿನ ಹೇಳಿ, ಎದ್ದಾಗಿನಿಂದ ಮಲಗುವವರೆಗೆ. ಮಧ್ಯೆ ಬಾಯಿ ಹಾಕುವುದಿಲ್ಲ, ಬರೆದುಕೊಳ್ಳುವುದೂ ಇಲ್ಲ. ಆಮೇಲೆ ಒಬ್ಬರು ಹೇಳಿದ್ದನ್ನು, ಅವರನ್ನು ಕೇಳಿಕೊಂಡು, ಇನ್ನೊಬ್ಬರಿಗೆ ಹೇಳುತ್ತಾರೆ. ಮೀಟಿಂಗಿನಲ್ಲಿ ಎಲ್ಲರೆದುರು ಯಾರಿಗೂ ದಿಗಿಲಾಗಬಾರದು, ಅಲ್ಲಿ ಕೂತು ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡುವ ಹಾಗೆ ಆಗಬಾರದು ಎಂದು ಅವರ ಆಸೆ. ನಮ್ಮ ವಿಷಯದಲ್ಲಿ ಆ ಆಸೆ ಸ್ವಲ್ಪ ದುಬಾರಿಯೇ.

ಮಕ್ಕಳ ಕುರ್ಚಿಯ ಮೇಲೆ, ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತು ನನಗೆ ತಿಳಿದಷ್ಟು ಹೇಳಿದೆ. ನನಗೆ ತಿಳಿದಿರುವುದು ಶನಿವಾರ ಭಾನುವಾರ ಮಾತ್ರ. ಆಮೇಲೆ ಅವರು ನೀನು ಹೇಳಿದ್ದನ್ನು ಹೇಳಲು ಶುರು ಮಾಡಿದರು. ಬೆಳಿಗ್ಗೆ ಅವನನ್ನು ಕೂಗಿ ಎಬ್ಬಿಸಬಾರದು, ಬೆರಳುಗಳನ್ನು ಒಂದೊಂದಾಗಿ ಒತ್ತಬೇಕು, ಕಿರುಬೆರಳಿಗೆ ಬರುವಷ್ಟರಲ್ಲಿ ಕಣ್ಣು ಬಿಡುತ್ತಾನೆ. ಸ್ನಾನಕ್ಕೆ ನೀರು ಮೊದಲು ಪಾದಕ್ಕೆ ಹಾಕಬೇಕು, ತಲೆಗೆ ಹಾಕಿದರೆ ಉಸಿರು ಬಿಗಿಹಿಡಿಯುತ್ತಾನೆ. ಮಿಕ್ಸಿ ಹಾಕಿದರೆ ಎಡಗಿವಿ ಮುಚ್ಚಿಕೊಳ್ಳುತ್ತಾನೆ, ಎಡಗಿವಿ ಒಂದನ್ನೇ. ಎಲ್ಲವನ್ನೂ ರುಬ್ಬಿ ಕೊಡಬೇಕು. ಮೆಟ್ಟಿಲು ಹತ್ತಿಸಬಾರದು, ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು, ತಲೆಗೆ ಹೆಲ್ಮೆಟ್ ಇರಲೇಬೇಕು. ಮಧ್ಯಾಹ್ನ ಮಲಗುವಾಗ ಯಾರಾದರೂ ಅವನ ಹಿಮ್ಮಡಿ ಹಿಡಿದುಕೊಂಡಿರಬೇಕು.

ಕೇಳುತ್ತಾ ಕೇಳುತ್ತಾ ನನಗೆ ಗುರುತು ಹತ್ತಿತು. ಅದು ಚಿಕ್ಕವನ ದಿನ ಅಲ್ಲ ಕಣೇ. ದೊಡ್ಡವನದು. ನಾಲ್ಕು ವರ್ಷದ ಹಿಂದೆ ತೀರಿಹೋದ ನಮ್ಮ ದೊಡ್ಡ ಮಗ, ಆ ಪುಟ್ಟ ಕೋಣೆಯಲ್ಲಿ, ಹಣ್ಣು ತರಕಾರಿಯ ಬಣ್ಣದ ಚಾರ್ಟುಗಳ ನಡುವೆ, ಹಾಸಿಗೆಯಿಂದ ಎದ್ದ, ಸ್ನಾನ ಮಾಡಿದ, ಎಡಗಿವಿ ಮುಚ್ಚಿಕೊಂಡ. ಅವನನ್ನು ಒಂದು ಸಲವೂ ನೋಡದ ಹೆಂಗಸೊಬ್ಬಳು ಅವನನ್ನು ಅಷ್ಟು ಸರಿಯಾಗಿ ಹೇಳುತ್ತಿದ್ದಳು.

ಹೇಳಿ ಮುಗಿಸಿ ಟೀಚರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಮೆಲ್ಲಗೆ, ಇಬ್ಬರು ಬೇರೆ ಬೇರೆ ಮಕ್ಕಳ ವಿಷಯ ಕೇಳಿದ ಹಾಗಾಯ್ತಲ್ಲ ಸರ್, ಅಂದರು. ಆ ಶಾಲೆಯಲ್ಲಿ ಯಾರಿಗೂ ನಮಗೆ ಇನ್ನೊಬ್ಬ ಮಗನಿದ್ದ ಎಂಬುದೇ ಗೊತ್ತಿಲ್ಲ. ಸೇರಿಸುವಾಗ ಎಷ್ಟು ಮಕ್ಕಳು ಎಂದು ಕೇಳಿದಾಗ ಒಬ್ಬನೇ ಎಂದದ್ದು ನೀನೋ ನಾನೋ, ಈಗ ನೆನಪಿಲ್ಲ. ಇಬ್ಬರೂ ಅಲ್ಲೇ ಇದ್ದೆವು.

ಈಗ ನೀನು ಕೂತುಕೊಂಡು ಓದು. ಚಿಕ್ಕವನು ನನ್ನ ಕೋಣೆಗೆ ಬರುವಾಗ ಮೂರನೇ ಮಹಡಿಯವರೆಗೂ ಮೆಟ್ಟಿಲು ಹತ್ತಿಕೊಂಡೇ ಬರುತ್ತಾನೆ. ಮೊದಮೊದಲು ಎತ್ತಿಕೊಳ್ಳುತ್ತಿದ್ದೆ. ಒಂದು ದಿನ ಕೈಯಿಂದ ಜಾರಿಕೊಂಡು ಇಳಿದು, ಕಂಬಿ ಹಿಡಿದು ತಾನೇ ಹೊರಟ. ಬ್ರೆಡ್ ತಿನ್ನುತ್ತಾನೆ, ಅಂಚನ್ನೂ ಬಿಡದೆ. ಸೇಬಿನ ಹೋಳು ಕಚ್ಚಿ ಅಗಿಯುತ್ತಾನೆ. ಕೆಳಗಿನ ಮನೆಯವರು ಮಿಕ್ಸಿ ಹಾಕಿದರೆ ನೆಲಕ್ಕೆ ಕೆನ್ನೆ ಇಟ್ಟು ಮಲಗಿ ನಗುತ್ತಾನೆ. ಅವನಿಗೆ ಹುಟ್ಟಿದಾಗಿನಿಂದ ಒಂದು ಸಲವೂ ಫಿಟ್ಸ್ ಬಂದಿಲ್ಲ, ನಿನಗೂ ಗೊತ್ತು. ಡಾಕ್ಟರ್ ಅಂದೇ ಹೇಳಿದ್ದರು, ಅಣ್ಣನ ತೊಂದರೆಯೇ ಬೇರೆ, ಇವನದೇ ಬೇರೆ, ಮಾತು ಬಾರದಿರುವುದೊಂದು ಇಬ್ಬರಿಗೂ ಸಮ ಎಂದು. ಹೋದ ತಿಂಗಳು ಮೊಣಕೈ ತರಚಿದ್ದಕ್ಕೆ ಬಾಗಿಲು ತಾಗಿತು ಎಂದಿದ್ದೆನಲ್ಲ, ಅದು ಸುಳ್ಳು. ಮೆಟ್ಟಿಲಲ್ಲಿ ಬಿದ್ದ. ಬಿದ್ದವನು ಎದ್ದು ಮತ್ತೆ ಹತ್ತಿದ. ನಿನಗೆ ಹೇಳಿದರೆ ಶನಿವಾರ ಅವನನ್ನು ಕಳಿಸುವುದನ್ನು ನಿಲ್ಲಿಸುತ್ತೀಯ ಎಂದು ಹೆದರಿ ಹೇಳಲಿಲ್ಲ. ಈಗಲೂ ಹೆದರಿಕೊಂಡೇ ಬರೆಯುತ್ತಿದ್ದೇನೆ.

ಬರೆಯದೇ ಇರುವ ಹಾಗಿಲ್ಲ. ಮುಂದಿನ ವರ್ಷ ಅವನ ತರಗತಿ ಶಾಲೆಯ ಮೇಲಂತಸ್ತಿಗೆ ಹೋಗುತ್ತದಂತೆ. ನೀನು ಹೇಳಿದ ದಿನವನ್ನೇ ಹಿಡಿದು ಗುರುವಾರ ಯೋಜನೆ ಮಾಡಿದರೆ, ಅವನೊಬ್ಬ ಕೆಳಗೆ ಪುಟ್ಟ ಮಕ್ಕಳ ಜೊತೆ ಉಳಿಯುತ್ತಾನೆ. ರುಬ್ಬಿದ ಊಟ, ತಲೆಗೆ ಹೆಲ್ಮೆಟ್, ಬೆಲ್ಟ್ ಕಟ್ಟಿದ ಕುರ್ಚಿ. ಈಗಲೇ ಹಾಗೆ ನಡೆಯುತ್ತಿದೆ. ಕ್ಲಾಸ್ ಟೀಚರನ್ನು ಅವನ ದಿನ ಹೇಳಿ ಅಂದರೆ, ಮೂಲೆಯಲ್ಲಿ ಸುಮ್ಮನೆ ಕೂತಿರ್ತಾನೆ, ಏನೂ ತೊಂದರೆ ಕೊಡಲ್ಲ, ಅಂದರಂತೆ. ನನ್ನ ಮೆಟ್ಟಿಲುಗಳನ್ನು ಗದ್ದಲ ಮಾಡಿಕೊಂಡು ಹತ್ತುವವನು ಅಲ್ಲಿ ಇಡೀ ದಿನ ಇನ್ನೊಬ್ಬನ ಹೆಲ್ಮೆಟ್ ಹಾಕಿಕೊಂಡು ಇನ್ನೊಬ್ಬನಾಗಿ ಕೂತಿರುತ್ತಾನೆ. ಇನ್ನೂ ಒಂದು ವರ್ಷ ಹಾಗೆ ಕೂರಿಸಿದರೆ ಅವನೂ ಅದನ್ನೇ ನಂಬಿಬಿಡುತ್ತಾನೆ. ನನಗೆ ಹೆದರಿಕೆ ಇರುವುದು ಅದಕ್ಕೇ.

ಟೀಚರಿಗೆ ನಾನೇ ಹೇಳಿಬಿಡಬಹುದಿತ್ತು. ಆದರೆ ಮನೆ ಬಿಟ್ಟು ಹೋದವನು ಮನೆಯಲ್ಲಿ ಇರುವವಳ ಮೇಲೆ ಚಾಡಿ ಹೇಳಿದ ಹಾಗಾಗುತ್ತದೆ. ಅವನನ್ನು ಎತ್ತಿದವಳು, ಒರೆಸಿದವಳು, ಉಣಿಸಿದವಳು ನೀನು. ಯಾಕೆ ಹೋದಿರಿ ಎಂದು ನೀನು ಎಷ್ಟೋ ಸಲ ಕೇಳಿದ್ದೆ, ನಾನು ಕೆಲಸದ ನೆಪ ಹೇಳಿದ್ದೆ. ನಿಜ ಹೇಳುತ್ತೇನೆ. ಆ ಮನೆಯಲ್ಲಿ ದಿನವೂ ಮಿಕ್ಸಿ ಹಾಕುವ ಮೊದಲು ನೀನು ಚಿಕ್ಕವನ ಎಡಗಿವಿಯ ಮೇಲೆ ಕೈ ಇಡುತ್ತಿದ್ದೆ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಗುರುವಾರಕ್ಕೆ ಮೊದಲು ನೀನೇ ಟೀಚರಿಗೆ ಹೇಳು. ನನ್ನನ್ನು ಬೈದುಕೊಂಡಾದರೂ ಹೇಳು.

ಇಂತಿ,
ಅವನ ಅಪ್ಪ

ಮತ್ತೆ: ಟೀಚರ್ ಹೇಳುತ್ತಿದ್ದಾಗ ನಾನು ಮೊದಲ ಮಾತಿಗೇ ತಡೆಯಬಹುದಿತ್ತು. ತಡೆಯಲಿಲ್ಲ. ಅವರು ಮುಗಿಸಿದ ಮೇಲೆ, ಸರಿಯಾಗಿ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ, ಮೊದಲಿನಿಂದ ಇನ್ನೊಂದು ಸಲ ಹೇಳಿಸಿಕೊಂಡೆ.


ಮಂಗಳವಾರ, ಸಂಜೆ

ಇಬ್ಬರು ಮಕ್ಕಳ ಅಪ್ಪನಿಗೆ,

ಮೊದಲು ಬೈದು ಮುಗಿಸುತ್ತೇನೆ, ಆಮೇಲೆ ಉಳಿದದ್ದು. ಬ್ರೆಡ್ಡಂತೆ, ಸೇಬಂತೆ, ಮೂರನೇ ಮಹಡಿಯಂತೆ! ಊರವರ ಕಟ್ಟಡಗಳಿಗೆಲ್ಲ ಲಿಫ್ಟ್ ರಿಪೇರಿ ಮಾಡುವವರು ತಾವಿರಲು ಲಿಫ್ಟೇ ಇಲ್ಲದ ಕಟ್ಟಡ ಹುಡುಕಿಕೊಂಡು ಹೋದಿರಲ್ಲ, ಆಗಲೇ ನಿಮ್ಮ ಬುದ್ಧಿ ನನಗೆ ತಿಳಿಯಬೇಕಿತ್ತು. ಅಗಿಯುತ್ತಾನೋ ಇಲ್ಲವೋ ಎಂದು ಯಾರನ್ನು ಕೇಳಿ ಕೊಟ್ಟಿರಿ? ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ ಯಾರನ್ನು ಕೂಗುತ್ತಿದ್ದಿರಿ? ಭಾನುವಾರ ನಿಮ್ಮ ಕಾಗದ ಓದಿ, ಮುದ್ದೆ ಮಾಡಿ ಹೊಲಿಗೆ ಮೆಷಿನ್ನಿನ ಪಕ್ಕದ ತುಂಡುಬಟ್ಟೆಯ ಬುಟ್ಟಿಗೆ ಎಸೆದೆ. ಇನ್ನು ಶನಿವಾರ ಕಳಿಸುವುದೇ ಇಲ್ಲ ಎಂದು ತೀರ್ಮಾನಿಸಿದೆ. ಟೀಚರಿಗೆ ಫೋನ್ ಮಾಡಿ, ಅವರಪ್ಪ ಹೇಳೋದೆಲ್ಲ ಬರೀ ಸುಳ್ಳು, ಅಂತ ಹೇಳುವುದೆಂದು ನಂಬರ್ ಕೂಡ ಒತ್ತಿದ್ದೆ. ರಿಂಗ್ ಆಗುವ ಮೊದಲು ಇಟ್ಟುಬಿಟ್ಟೆ.

ಯಾಕೆ ಇಟ್ಟೆ ಅಂದರೆ, ನೀವು ಹೇಳಿದ್ದು ನನಗೆ ಹೊಸದಲ್ಲ. ಟೀಚರ್ ಮುಂದೆ ನಾನು ಚಿಕ್ಕವನ ದಿನ ಹೇಳಲೆಂದೇ ಬಾಯಿ ತೆಗೆದೆ. ಬೆರಳು ಒತ್ತಿ ಎಬ್ಬಿಸುವುದು ಸಲೀಸಾಗಿ ಬಂತು, ಸ್ನಾನದ ನೀರಿನ ಮಾತೂ ಬಂತು. ಎಡಗಿವಿ ಎಂದಾಗ ನಾಲಗೆ ತಡವರಿಸಿತು. ನಾನು ಯಾರ ವಿಷಯ ಹೇಳುತ್ತಿದ್ದೇನೆ ಎಂದು ಆಗ ನನಗೆ ತಿಳಿಯಿತು. ತಿಳಿದ ಮೇಲೂ ನಿಲ್ಲಿಸಲಿಲ್ಲ. ಈ ನಾಲ್ಕು ವರ್ಷದಲ್ಲಿ ನನ್ನ ಹತ್ತಿರ ಅವನ ಬಗ್ಗೆ ಯಾರಾದರೂ ಒಂದು ಮಾತು ಕೇಳಿದ್ದಾರೆಯೇ? ನನ್ನ ಅಕ್ಕ ಮಾತು ತಿರುಗಿಸುತ್ತಾಳೆ, ನಿಮ್ಮ ಅಮ್ಮ ಅವನ ಫೋಟೋ ಒಳಗಿಟ್ಟರು, ನೀವು ಎದ್ದು ಹೋದಿರಿ. ಆ ಟೀಚರ್ ಮಧ್ಯೆ ಬಾಯಿ ಹಾಕದೆ, ನನ್ನ ಮೇಲಿಂದ ಕಣ್ಣು ಕೀಳದೆ, ಅವನ ಹಿಮ್ಮಡಿಯವರೆಗೂ ಕೇಳಿದರು. ಹಾಗೆ ಕೇಳುವವರು ಸಿಕ್ಕರೆ ಯಾವ ತಾಯಿಯಾದರೂ ಹೇಳದೆ ಬಿಡುತ್ತಾಳೆಯೇ?

ಆದರೆ ಊಟದ ವಿಷಯದಲ್ಲಿ, ಮೆಟ್ಟಿಲಿನ ವಿಷಯದಲ್ಲಿ ನಾನು ಬೇಕೆಂದು ಹೇಳಿದ್ದಲ್ಲ. ಚಿಕ್ಕವನಿಗೆ ಅಗಿಯಲು ಬರುವುದಿಲ್ಲ ಎಂದೇ ನಂಬಿದ್ದೆ. ಒಂದು ಸಲವೂ ಕೊಟ್ಟು ನೋಡದೆ ನಂಬಿದ್ದೆ.

ನಿನ್ನೆ ಶಾಲೆಯಿಂದ ಬಂದವನನ್ನು ಅಡುಗೆಮನೆಯಲ್ಲಿ ಕೂರಿಸಿದೆ. ಆಲೂಗಡ್ಡೆ ಬೇಯಿಸಿ, ಹಿಸುಕದೆ, ಎಣ್ಣೆಯಲ್ಲಿ ಸ್ವಲ್ಪ ಬಾಡಿಸಿ, ಒಂದು ಹೋಳು ಅವನ ಕೈಗೆ ಕೊಟ್ಟೆ. ಪಕ್ಕದ ಮನೆಯಾಕೆಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದೆ, ಆಂಬುಲೆನ್ಸ್ ನಂಬರ್ ತೆಗೆದಿಟ್ಟಿದ್ದೆ. ಆಕೆ, ಏನ್ರೀ ಇದು, ಆಲೂಗಡ್ಡೆ ಕೊಡೋಕೆ ಇಷ್ಟೊಂದು ಬಂದೋಬಸ್ತಾ, ಅಂತ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಅವನು ಹೋಳನ್ನು ತಿರುಗಿಸಿ ಮುರುಗಿಸಿ ನೋಡಿದ. ಬಾಯಿಗೆ ಹಾಕಿಕೊಂಡ. ನನ್ನ ಮುಖವನ್ನೇ ನೋಡುತ್ತಾ, ಇಷ್ಟು ದಿನ ಇದನ್ನು ಎಲ್ಲಿ ಬಚ್ಚಿಟ್ಟಿದ್ದೆ ಅನ್ನುವ ಹಾಗೆ, ನಿಧಾನವಾಗಿ ಅಗಿದು ನುಂಗಿದ. ಆಮೇಲೆ ತಟ್ಟೆ ಬಡಿದ. ಇನ್ನೊಂದು ಬೇಕಂತೆ.

ನಾನು ಸಂತೋಷಪಡಬೇಕಿತ್ತು. ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವನು ಪ್ರತಿ ಸಲ ಅಗಿದಾಗಲೂ ದೊಡ್ಡವನು ನನ್ನಿಂದ ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದ. ನಿಮ್ಮ ಪಾಲಿಗೆ ಅವನು ಆಸ್ಪತ್ರೆಯಲ್ಲಿ ಹೋದ. ನನ್ನ ಪಾಲಿಗೆ ನಿನ್ನೆ, ಅಡುಗೆಮನೆಯಲ್ಲಿ, ತಮ್ಮ ಆಲೂಗಡ್ಡೆ ತಿನ್ನುತ್ತಿದ್ದಾಗ ಹೋದ. ಚಿಕ್ಕವನು ಎಣ್ಣೆಕೈಯನ್ನು ನನ್ನ ತಲೆಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತಿದ್ದ. ಅದು ಸಮಾಧಾನಕ್ಕೋ, ಕೈ ಒರೆಸಿಕೊಳ್ಳುವುದಕ್ಕೋ, ಅವನನ್ನೇ ಕೇಳಬೇಕು.

ಇನ್ನೊಂದು ಮಾತು ನಿಮಗೆ ಹೊಳೆದಿರಲಿಕ್ಕಿಲ್ಲ. ಈ ವರ್ಷ ಚಿಕ್ಕವನು ದೊಡ್ಡವನ ವಯಸ್ಸು ದಾಟಿದ. ದೊಡ್ಡವನ ಅಂಗಿಗಳನ್ನೇ ಬಿಚ್ಚಿ ಹೊಲಿದು ಹಾಕುತ್ತಿದ್ದೆ. ಅಂಚು ಬಿಟ್ಟೆ, ಪಕ್ಕ ಬಿಟ್ಟೆ, ಇನ್ನು ಬಿಡಲು ಬಟ್ಟೆಯೇ ಇಲ್ಲ. ಇಷ್ಟು ದಿನ ಇವನು ಯಾವ ವಯಸ್ಸಿಗೆ ಬಂದರೂ ಅಲ್ಲಿ ಅಣ್ಣ ಮೊದಲೇ ಇದ್ದು ಹೋಗಿದ್ದ. ಯಾವಾಗ ಏನಾಗುತ್ತದೆ, ಎಲ್ಲಿ ಕೈ ಹಿಡಿಯಬೇಕು ಎಂದು ನನಗೆ ಗೊತ್ತಿತ್ತು. ಇನ್ನು ಮುಂದಿನದು ನಾನು ಯಾವತ್ತೂ ನೋಡಿರದ ವಯಸ್ಸು. ನನಗೆ ಎಂಟು ವರ್ಷದ ಮಗನನ್ನು ಸಾಕಿ ಗೊತ್ತೇ ಇಲ್ಲ. ಅದಕ್ಕೇ ಹಿಂದಕ್ಕೆ ಎಳೆಯುತ್ತಿದ್ದೆನೋ ಏನೋ.

ಇವತ್ತು ಬೆಳಿಗ್ಗೆ ಟೀಚರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ದೊಡ್ಡವನ ಹೆಸರು ಕೇಳಿದರು. ಆಮೇಲೆ, ದೊಡ್ಡವನಿಗೆ ಯಾವುದಾದರೂ ಶಾಲೆಯಲ್ಲಿ ಹೀಗೆ ಎಲ್ಲರೂ ಕೂತು ಮಾತಾಡಿದ್ರಾ ಅಮ್ಮ, ಅಂತ ಕೇಳಿದರು. ಎಲ್ಲಿಯ ಮಾತು? ಅವನನ್ನು ಸೇರಿಸಿಕೊಂಡ ಶಾಲೆಯಾದರೂ ಎಲ್ಲಿತ್ತು? ಹಾಗೆಂದೆ. ಅದಕ್ಕೆ ಅವರು, ಗುರುವಾರ ನೀವಿಬ್ಬರೂ ಅರ್ಧ ಗಂಟೆ ಮುಂಚೆ ಬನ್ನಿ ಅಂದರು. ಹೆಡ್‌ಮಾಸ್ಟರ್, ಕ್ಲಾಸ್ ಟೀಚರ್, ಆಯಾ ಯಾರೂ ಇನ್ನೂ ಬಂದಿರುವುದಿಲ್ಲ. ಆಗ ದೊಡ್ಡವನ ದಿನ ಹೇಳಬೇಕಂತೆ, ಅವನ ಹೆಸರು ಹಿಡಿದು, ಅವನದೇ ಎಂದು, ಎದ್ದಾಗಿನಿಂದ ಮಲಗುವವರೆಗೆ. ಅದಾದ ಮೇಲೆ ಬಾಗಿಲು ತೆರೆದು ಉಳಿದವರನ್ನು ಕರೆಯೋಣ, ಆಮೇಲೆ ಚಿಕ್ಕವನ ಮಾತು ಶುರು ಮಾಡೋಣ, ಅಂದರು. ಇದೂ ಮೀಟಿಂಗಿನ ತಯಾರಿಯೇ ಅಮ್ಮ, ಅಂದರು.

ಚಿಕ್ಕವನ ದಿನವನ್ನು ಎಲ್ಲರೆದುರು ನೀವು ಹೇಳಿ. ವಾರದಲ್ಲಿ ಐದು ದಿನ ಜೊತೆಗಿರುವ ನನಗೆ ಅದು ಗೊತ್ತಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಮೇಲಿನ ಕ್ಲಾಸಿಗೆ ಅವನು ಹೋಗಲಿ. ಹಾಗೆಂದು ನಿಮ್ಮ ಮಾತಿಗೆಲ್ಲ ಹೂಂ ಅಂದೆ ಎಂದು ಬೀಗಬೇಡಿ. ಮೆಟ್ಟಿಲಲ್ಲಿ ಮೊದಮೊದಲು ಆಯಾ ಜೊತೆಗಿರಬೇಕು, ಅದನ್ನು ನಾನು ಕೇಳಿಯೇ ಕೇಳುತ್ತೇನೆ. ಊಟ ಮಾಡುವಾಗ ಯಾರಾದರೂ ಎದುರಿಗೆ ಕೂತಿರಬೇಕು. ಹೆಲ್ಮೆಟ್ ತೆಗೆಯುವುದು ಡಾಕ್ಟರ್ ನೋಡಿ ಹೇಳಿದ ಮೇಲೆ. ಬೆಲ್ಟಿನ ಕುರ್ಚಿ ಮಾತ್ರ ನಾಳೆಯಿಂದಲೇ ಬೇಡ ಎಂದು ಫೋನಿನಲ್ಲೇ ಹೇಳಿದ್ದೇನೆ.

ಶಾಲೆಯ ವ್ಯಾನ್ ಓಡಿಸುವಾತ ನಿಮ್ಮ ವರ್ಕ್‌ಶಾಪಿನ ಮುಂದೆಯೇ ಹೋಗುತ್ತಾನಲ್ಲ, ನಾಳೆ ಬೆಳಿಗ್ಗೆ ಇದನ್ನು ಅವನ ಕೈಯಲ್ಲಿ ಕಳಿಸುತ್ತೇನೆ. ಗುರುವಾರ ಗ್ರೀಸ್ ಅಂಟಿದ ಅಂಗಿ ಹಾಕಿಕೊಂಡು ಬರಬೇಡಿ.

ಇಂತಿ,
ಅವರಿಬ್ಬರ ಅಮ್ಮ

ಮತ್ತೆ: ಗುರುವಾರ ತಡವರಿಸಬಾರದು ಎಂದು ಇವತ್ತು ಹೊಲಿಯುತ್ತಾ ದೊಡ್ಡವನ ದಿನವನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮಧ್ಯಾಹ್ನ ಮಲಗಿ ಏಳುವವರೆಗೆ ಒಂದೂ ತಪ್ಪಲಿಲ್ಲ. ಅಲ್ಲಿಂದ ಮುಂದೆ ಹೋಗಲು ಆಗುತ್ತಿಲ್ಲ. ಎಷ್ಟು ಸಲ ಹೇಳಿಕೊಂಡರೂ ಸಂಜೆ ಆದ ಕೂಡಲೇ ಅಲ್ಲಿ ಚಿಕ್ಕವನು ಬಂದು ನಿಲ್ಲುತ್ತಾನೆ, ಎಣ್ಣೆಕೈ ಹಿಡಿದುಕೊಂಡು. ದೊಡ್ಡವನು ಸಂಜೆ ಏನು ಮಾಡುತ್ತಿದ್ದ? ನೀವು ಕೆಲಸದಿಂದ ಬರುವ ಹೊತ್ತು ಅದು. ನಿಮಗೆ ನೆನಪಿದ್ದರೆ ಅಷ್ಟನ್ನು ನೀವೇ ಹೇಳಿಬಿಡಿ. ನೆನಪಿಲ್ಲದಿದ್ದರೆ, ಇಲ್ಲ ಎಂದು ಮಾತ್ರ ನನಗೆ ಹೇಳಬೇಡಿ.